‘ಸ್ವಲ್ಪ ತಡ್ಕೋ’ ಅಂದರೆ ಕೇಳಬೇಡಿ: ವೆಜಿನಿಸ್ಮಸ್‌ನಿಂದ ಹೊರಗೆ ಬರುವ ದಾರಿ

ಮದುವೆಯಾಗಿ ವರ್ಷ ತುಂಬಿತ್ತು. ಸೀಮಂತಕ್ಕೆ ಹೋಗಲಿ, ಗೃಹಪ್ರವೇಶಕ್ಕೆ ಹೋಗಲಿ, ಎಲೆ ಮುಂದೆ ಕೂತ ತಕ್ಷಣ ಪಕ್ಕದವರ ಪ್ರಶ್ನೆ ಒಂದೇ: "ಏನಮ್ಮಾ, ಏನಾದ್ರೂ ವಿಶೇಷ?" ನಾನು ನಕ್ಕು ಸುಮ್ಮನಾಗುತ್ತಿದ್ದೆ. ನಮ್ಮಿಬ್ಬರ ನಡುವೆ ಒಂದು ಸಲವೂ ಸಂಭೋಗ ಆಗಿರಲಿಲ್ಲ ಎಂದು ಯಾರಿಗೆ ಹೇಳಲಿ? ಪ್ರೀತಿ ಇತ್ತು, ಆಸೆಯೂ ಇತ್ತು. ಆದರೆ ಆ ಹೊತ್ತು ಬಂದಾಗ ನನ್ನ ತೊಡೆಗಳು ತಾವಾಗಿಯೇ ಒತ್ತಿಕೊಳ್ಳುತ್ತಿದ್ದವು. ಸೊಂಟ ಹಿಂದಕ್ಕೆ ಸರಿಯುತ್ತಿತ್ತು. "ಗೋಡೆಗೆ ತಾಗಿದ ಹಾಗಿದೆ" ಎಂದು ನನ್ನ ಗಂಡ ಅಂದಿದ್ದರು. ಧೈರ್ಯ ಮಾಡಿ ಒಬ್ಬ ಡಾಕ್ಟರ ಹತ್ತಿರ ಹೇಳಿಕೊಂಡೆ. ಅವರು ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತದೆ, "ಮೊದಮೊದಲು ಎಲ್ಲರಿಗೂ ನೋವೇ. ಸ್ವಲ್ಪ ತಡ್ಕೋ, ಸರಿಹೋಗುತ್ತೆ" ಅಂದರು.

ತಡೆದುಕೊಂಡೆ. ನೋವು ಇನ್ನೂ ಜಾಸ್ತಿಯಾಯಿತು.

ಇದಕ್ಕೊಂದು ಹೆಸರಿದೆ, ಚಿಕಿತ್ಸೆಯಿದೆ ಎಂದು ಗೊತ್ತಾಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಗೊತ್ತಾದ ಮೇಲೆ ಸರಿಹೋಗಲು ಬೇಕಾದದ್ದು ಎಂಟು ತಿಂಗಳು ಮಾತ್ರ. ನಾನು ಡಾಕ್ಟರಲ್ಲ. ಆ ಮೂರು ವರ್ಷ ನಿಮ್ಮದೂ ಹಾಗೆ ಹೋಗಬಾರದು ಎಂದು, ನನಗೆ ಆಗ ಯಾರೂ ಹೇಳದೇ ಇದ್ದದ್ದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಇದು ಏನು ಅಂತ ಮೊದಲು ತಿಳಿದುಕೊಳ್ಳಿ

ಕಣ್ಣಿನ ಹತ್ತಿರ ಯಾರಾದರೂ ಬೆರಳು ತಂದರೆ ರೆಪ್ಪೆ ಮುಚ್ಚಿಕೊಳ್ಳುತ್ತದೆ, ಅಲ್ವಾ? ಮುಚ್ಚಬೇಕು ಎಂದು ನಾವು ತೀರ್ಮಾನ ಮಾಡುವುದಿಲ್ಲ. ವೆಜಿನಿಸ್ಮಸ್‌ನಲ್ಲಿ ಆಗುವುದೂ ಇದೇ. ಯೋನಿಯ ಬಾಯಿಯ ಸುತ್ತ, ಸೊಂಟದ ಎಲುಬಿನ ತಳದಲ್ಲಿ, ತೊಟ್ಟಿಲಿನ ಹಾಗೆ ಹಾಸಿಕೊಂಡಿರುವ ಸ್ನಾಯುಗಳಿವೆ. ಇವಕ್ಕೆ ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಮೂತ್ರ ತಡೆಯುವಾಗ ಬಿಗಿಯುವುದು ಇವೇ. ಒಳಗೆ ಏನೋ ಬರಲಿದೆ ಎಂದು ಅನ್ನಿಸಿದ ಕ್ಷಣ ಈ ಸ್ನಾಯುಗಳು ನಮ್ಮನ್ನು ಕೇಳದೆ ಸೆಟೆದುಕೊಳ್ಳುತ್ತವೆ. ಬಿಗಿದಾಗ ತಳ್ಳಿದರೆ ಉರಿ, ನೋವು. ಒಂದು ಸಲ ನೋವಾದರೆ ಮುಂದಿನ ಸಲಕ್ಕೆ ಭಯ. ಭಯವಾದರೆ ಇನ್ನೂ ಬಿಗಿ. ‘ತಡ್ಕೋ’ ಎನ್ನುವ ಸಲಹೆ ಕೆಲಸ ಮಾಡದಿರುವುದು ಇದೇ ಕಾರಣಕ್ಕೆ. ಪ್ರತಿ ಸಲ ತಡೆದುಕೊಂಡಾಗಲೂ ಮೈ ಕಲಿಯುವುದು ‘ಮುಂದಿನ ಸಲ ಇನ್ನೂ ಗಟ್ಟಿಯಾಗಿ ಮುಚ್ಚಿಕೋ’ ಎನ್ನುವ ಪಾಠವನ್ನು.

ಕೆಲವರಿಗೆ ಮೊದಲಿನಿಂದಲೂ ಏನೂ ಒಳಗೆ ಹೋಗುವುದಿಲ್ಲ. ಸಂಭೋಗ ಮಾತ್ರವಲ್ಲ, ಮುಟ್ಟಿನಲ್ಲಿ ಒಳಗೆ ಇಟ್ಟುಕೊಳ್ಳುವ ಟ್ಯಾಂಪೂನ್, ಮೆನ್‌ಸ್ಟ್ರುವಲ್ ಕಪ್, ತಮ್ಮದೇ ಬೆರಳು, ಡಾಕ್ಟರ ಪರೀಕ್ಷೆ ಯಾವುದೂ ಆಗುವುದಿಲ್ಲ. ಇನ್ನು ಕೆಲವರಿಗೆ ವರ್ಷಗಟ್ಟಲೆ ಎಲ್ಲ ಸರಿಯಿದ್ದು, ಹೆರಿಗೆಯ ಹೊಲಿಗೆ, ಪದೇ ಪದೇ ಬರುವ ಸೋಂಕು, ಮುಟ್ಟು ನಿಂತ ಮೇಲಿನ ಒಣಗುವಿಕೆ ಅಥವಾ ಒಂದು ಕೆಟ್ಟ ಅನುಭವದ ನಂತರ ಶುರುವಾಗುತ್ತದೆ. ಕಪ್ ಹಾಕಿಕೊಳ್ಳಲು ಆಗಿ, ಸಂಭೋಗ ಮಾತ್ರ ಆಗದವರೂ ಇದ್ದಾರೆ.

ವೈದ್ಯರು ಈ ಹೆಸರನ್ನು 1860ರ ದಶಕದಿಂದಲೇ ಬಳಸುತ್ತಿದ್ದಾರೆ. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನೂ ಸಂಭೋಗದ ನೋವನ್ನೂ ಸೇರಿಸಿ ‘ಜೆನಿಟೋ ಪೆಲ್ವಿಕ್ ಪೇನ್ ಪೆನಿಟ್ರೇಷನ್ ಡಿಸಾರ್ಡರ್’ ಎಂದು ಕರೆದಿದೆ. ನಿಮ್ಮ ಚೀಟಿಯಲ್ಲಿ ಈ ಉದ್ದನೆಯ ಹೆಸರು ಕಂಡರೆ ಹೊಸ ಕಾಯಿಲೆ ಬಂತೆಂದು ಗಾಬರಿಯಾಗಬೇಡಿ.

‘ನನ್ನ ಜಾಗವೇ ಚಿಕ್ಕದು’ ಎಂದು ನಾನು ಬಹಳ ದಿನ ನಂಬಿದ್ದೆ. ಮಗುವಿನ ತಲೆ ಹೊರಗೆ ಬರುವಷ್ಟು ಹಿಗ್ಗುವ ಜಾಗ ಅದು. ಅಡ್ಡ ನಿಂತಿರುವುದು ಬಹುಪಾಲು ಸ್ನಾಯುವಿನ ಬಿಗಿ. ಕನ್ಯಾಪೊರೆಯ ಕಥೆಯೂ ಹಾಗೇ. ಅದು ಡಬ್ಬಿಗೆ ಹಾಕಿದ ಮುಚ್ಚಳವಲ್ಲ. ಮುಚ್ಚಳವಾಗಿದ್ದರೆ ಪ್ರತಿ ತಿಂಗಳು ಮುಟ್ಟಿನ ರಕ್ತ ಹೇಗೆ ಹೊರಗೆ ಬರಬೇಕು? ಅಂಚಿನಲ್ಲಿರುವ ಮೆತ್ತನೆಯ ಮಡಿಕೆ ಅಷ್ಟೇ. ಮೊದಲ ರಾತ್ರಿ ರಕ್ತ ಬರಲೇಬೇಕು, ಹರಿಯಲೇಬೇಕು ಎಂದು ಹೇಳಿ ಹೇಳಿ ನಮ್ಮ ಹೆಣ್ಣುಮಕ್ಕಳ ತಲೆಯಲ್ಲಿ ಎಷ್ಟು ಭಯ ತುಂಬಿದ್ದೇವೆ ಎಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕಾರಣ ಹುಡುಕುತ್ತಾ ತಲೆ ಕೆಡಿಸಿಕೊಳ್ಳಬೇಡಿ. ಕೆಲವರಿಗೆ ಕಾರಣ ಸ್ಪಷ್ಟವಾಗಿರುತ್ತದೆ, ಹಲವರಿಗೆ ಏನೂ ಸಿಗುವುದಿಲ್ಲ. ಸಿಗದಿದ್ದರೂ ಚಿಕಿತ್ಸೆ ಕೆಲಸ ಮಾಡುತ್ತದೆ.

ಡಾಕ್ಟರನ್ನು ಮೊದಲೇ ನೋಡಿ

ಮನೆಯಲ್ಲೇ ಎಲ್ಲ ಪ್ರಯತ್ನ ಮಾಡಿ, ಆಗದಿದ್ದರೆ ಡಾಕ್ಟರ್ ಎಂದು ಹಲವರು ಯೋಚಿಸುತ್ತಾರೆ. ನನ್ನ ಪ್ರಕಾರ ಇದು ತಲೆಕೆಳಗಾದ ಲೆಕ್ಕ. ನೋವಿಗೆ ಬೇರೆ ಕಾರಣ ಇದ್ದು ನೀವು ಸುಮ್ನೆ ವ್ಯಾಯಾಮ ಮಾಡುತ್ತಾ ಹೋದರೆ ಗಾಯದ ಮೇಲೆ ಬರೆ ಎಳೆದ ಹಾಗೆ. ಮೊದಲು ಒಬ್ಬ ಸ್ತ್ರೀರೋಗ ತಜ್ಞರು ನೋಡಿ ‘ಬೇರೆ ಏನೂ ಇಲ್ಲ’ ಎಂದು ಹೇಳಲಿ.

ಬೇರೆ ಏನಿರಬಹುದು? ತುರಿಕೆ, ಮೊಸರಿನ ಹಾಗೆ ಬಿಳಿ ಸ್ರಾವ ಇದ್ದರೆ ಫಂಗಸ್ ಸೋಂಕು ಇರಬಹುದು. ಯೋನಿಯ ಬಾಗಿಲ ಹತ್ತಿರ ಒಂದೇ ಜಾಗಕ್ಕೆ ಹತ್ತಿಯ ತುದಿ ತಾಗಿದರೂ ಉರಿಯುತ್ತದೆ ಎಂದಾದರೆ ವೆಸ್ಟಿಬ್ಯುಲೋಡಿನಿಯಾ ಎನ್ನುವ ಬೇರೆಯದೇ ತೊಂದರೆ ಇರಬಹುದು, ಅದರ ಚಿಕಿತ್ಸೆ ಬೇರೆ. ಮುಟ್ಟಿನಲ್ಲಿ ಏಳಲಾಗದಷ್ಟು ನೋವು, ಜೊತೆಗೆ ಆಳದಲ್ಲಿ ಚುಚ್ಚಿದ ಹಾಗೆ ನೋವು ಇದ್ದರೆ, ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಬಗ್ಗೆ ಕೇಳಿ. ಚರ್ಮ ಬೆಳ್ಳಗೆ, ತೆಳ್ಳಗೆ ಆಗಿ ವಿಪರೀತ ತುರಿಸಿದರೆ ಅದು ಚರ್ಮದ ಕಾಯಿಲೆ ಇರಬಹುದು. ಮಗುವಿಗೆ ಹಾಲು ಕುಡಿಸುವಾಗ ಮತ್ತು ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎನ್ನುವ ಹಾರ್ಮೋನ್ ಇಳಿದು ಆ ಜಾಗ ಒಣಗುತ್ತದೆ, ಅದಕ್ಕೆ ಮುಲಾಮು ಇದೆ. ಅಪರೂಪಕ್ಕೆ ಹುಟ್ಟಿನಿಂದಲೇ ಒಳಗೆ ಅಡ್ಡ ಪರದೆ ಇರುತ್ತದೆ, ಅಥವಾ ಯೋನಿ ಪೂರ್ತಿ ಬೆಳೆದಿರುವುದಿಲ್ಲ. 15 ವರ್ಷ ದಾಟಿದರೂ ಮುಟ್ಟಾಗದ ಹುಡುಗಿಗೆ, ಅದರಲ್ಲೂ ತಿಂಗಳಿಗೊಮ್ಮೆ ಕೆಳಹೊಟ್ಟೆ ನೋವು ಬರುತ್ತಿದ್ದರೆ, ಮದುವೆಯವರೆಗೆ ಕಾಯದೆ ತೋರಿಸಬೇಕು.

ಕೆಲವು ಲಕ್ಷಣಗಳಿಗೆ ಅಪಾಯಿಂಟ್‌ಮೆಂಟ್ ಮುಂದಕ್ಕೆ ಹಾಕಬೇಡಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸಂಭೋಗದ ನಂತರ ಮತ್ತೆ ಮತ್ತೆ ರಕ್ತ ಬಂದರೆ, ಹುಣ್ಣು ಅಥವಾ ಗಂಟು ಕೈಗೆ ಸಿಕ್ಕರೆ, ಕೆಟ್ಟ ವಾಸನೆಯ ಸ್ರಾವವಿದ್ದರೆ ಆ ವಾರವೇ ಹೋಗಿ. ಜ್ವರದ ಜೊತೆ ಕೆಳಹೊಟ್ಟೆ ನೋವು, ನಿಲ್ಲದ ರಕ್ತಸ್ರಾವ, ಮೂತ್ರವೇ ಹೋಗದಿರುವುದು, ಇವಕ್ಕೆ ಅದೇ ದಿನ ಆಸ್ಪತ್ರೆ. ಬದುಕೇ ಬೇಡ ಎನ್ನುವ ಯೋಚನೆ ಬಂದರೆ ಅದೂ ಅದೇ ದಿನದ ಕೆಲಸ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ ಕೋಣೆಯಲ್ಲಿ

ಬಾಯಿ ಬಿಟ್ಟು ಹೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಹೊರಗಿನ ಬೆಂಚಿನಲ್ಲಿ ಹತ್ತು ಜನ, ಪರದೆಯ ಆಚೆ ನರ್ಸ್, ಪಕ್ಕದಲ್ಲಿ ಅತ್ತೆ. ಅದಕ್ಕೆ ನಾನು ಎರಡನೇ ಡಾಕ್ಟರ ಹತ್ತಿರ ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋದೆ. ಹೀಗಿತ್ತು:

"ನನಗೆ ಸಂಭೋಗ ಆಗುತ್ತಿಲ್ಲ. ಒಳಗೆ ಏನು ಹೋಗಲು ಬಂದರೂ ಮೈ ತಾನಾಗಿಯೇ ಬಿಗಿಯುತ್ತದೆ, ನೋವಾಗುತ್ತದೆ. ಮದುವೆಯಾದಾಗಿನಿಂದ ಹೀಗಿದೆ. ವೆಜಿನಿಸ್ಮಸ್ ಇರಬಹುದಾ ನೋಡಿ. ಪರೀಕ್ಷೆಗೆ ನನಗೆ ತುಂಬಾ ಭಯ. ನಿಧಾನವಾಗಿ ಮಾಡಿ, ನಿಲ್ಲಿಸಿ ಅಂದರೆ ನಿಲ್ಲಿಸಿ."

ಆ ಡಾಕ್ಟರ್ ಚೀಟಿಯನ್ನು ಎರಡು ಸಲ ಓದಿದರು. ಕುರ್ಚಿ ಹತ್ತಿರ ಎಳೆದುಕೊಂಡು, "ಇವತ್ತು ಏನೂ ಪರೀಕ್ಷೆ ಬೇಡ, ಬರೀ ಮಾತಾಡೋಣ" ಅಂದರು. ನಾನು ಅಲ್ಲೇ ಅತ್ತುಬಿಟ್ಟೆ.

ಮೊದಲ ಭೇಟಿಯಲ್ಲೇ ಒಳಗಿನ ಪರೀಕ್ಷೆ ಆಗಲೇಬೇಕು ಎಂದೇನಿಲ್ಲ. ಮಾತು ಕೇಳಿ, ಹೊರಗಿನಿಂದ ನೋಡಿ, ಬಹಳಷ್ಟು ಸಲ ಅಷ್ಟರಲ್ಲೇ ತಿಳಿಯುತ್ತದೆ. ಬೇಕಾದರೆ ಮುಂದಿನ ಭೇಟಿಯಲ್ಲಿ ಒಂದೇ ಬೆರಳಿನಿಂದ, ಅಥವಾ ಯೋನಿಯನ್ನು ತೆರೆದು ನೋಡುವ ಸಾಧನವಾದ ಚಿಕ್ಕ ಸ್ಪೆಕ್ಯುಲಮ್‌ನಿಂದ ನೋಡಲು ಕೇಳಬಹುದು. ಲೇಡಿ ಡಾಕ್ಟರೇ ಬೇಕು ಎನ್ನಬಹುದು. ಜೊತೆಗೆ ಯಾರಿರಬೇಕು, ಯಾರು ಹೊರಗಿರಬೇಕು ಎನ್ನುವುದನ್ನು ನೀವೇ ಹೇಳಿ. ‘ಅಮ್ಮ ಸ್ವಲ್ಪ ಹೊರಗಿರಲಿ’ ಅಂದರೆ ತಪ್ಪಿಲ್ಲ. ಸ್ಕ್ಯಾನ್ ಬರೆದುಕೊಟ್ಟರೆ ಇನ್ನೊಂದು ಮಾತು ನೆನಪಿಡಿ. ಒಳಗಿನಿಂದ ಮಾಡುವ ಟ್ರಾನ್ಸ್‌ವೆಜೈನಲ್ ಸ್ಕ್ಯಾನ್ ಬದಲು ಹೊಟ್ಟೆಯ ಮೇಲಿಂದ ಮಾಡಿ ಎಂದು ಕೇಳಬಹುದು. ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಹೋಗಬೇಕು, ಅಷ್ಟೇ. ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನಲ್ಲೇ ಇದನ್ನು ಹೇಳಿಬಿಡಿ. ಮಂಚದ ಮೇಲೆ ಮಲಗಿದ ಮೇಲೆ ಹೇಳಲು ಧೈರ್ಯ ಸಾಲುವುದಿಲ್ಲ.

ನಿಮ್ಮ ಡಾಕ್ಟರೂ ‘ತಡ್ಕೋ’ ಅಂದರೆ, ‘ಎರಡು ಪೆಗ್ ಹಾಕಿ ಟ್ರೈ ಮಾಡಿ’ ಅಂದರೆ, ಅಥವಾ ಸರಿಯಾಗಿ ನೋಡದೆಯೇ ಪೊರೆ ಕತ್ತರಿಸುವ ಆಪರೇಷನ್ ಅಂದರೆ, ಬೇರೆ ಡಾಕ್ಟರನ್ನು ಹುಡುಕಿ. ಪೊರೆಯಲ್ಲಿ ನಿಜವಾಗಿಯೂ ದೋಷ ಇದ್ದವರಿಗೆ ಮಾತ್ರ ಆ ಆಪರೇಷನ್. ಬಿಗಿಯುವ ಸ್ನಾಯು ಆಪರೇಷನ್ ಆದ ಮರುದಿನವೂ ಬಿಗಿಯುತ್ತದೆ.

ಮನೆಯಲ್ಲಿ: ಮೊದಲ ಹೆಜ್ಜೆ, ಪ್ರಯತ್ನ ನಿಲ್ಲಿಸುವುದು

ಕೇಳಲು ವಿಚಿತ್ರ ಎನ್ನಿಸಬಹುದು. ಆದರೆ ನನ್ನ ಫಿಸಿಯೋಥೆರಪಿಸ್ಟ್ ಮೊದಲು ಹೇಳಿದ್ದು ಇದನ್ನೇ: ಇವತ್ತಿನಿಂದ ಸಂಭೋಗದ ಪ್ರಯತ್ನ ಪೂರ್ತಿ ಬಂದ್. ಗಂಡ ಹೆಂಡತಿ ಇಬ್ಬರೂ ಕೂತು, ಮಾತಾಡಿ ಒಪ್ಪಿಕೊಳ್ಳಬೇಕು. ತಬ್ಬಿಕೊಳ್ಳಿ, ಮುದ್ದಾಡಿ, ಒಟ್ಟಿಗೆ ಮಲಗಿ. ‘ಇದು ಮುಂದೆ ಎಲ್ಲಿಗೆ ಹೋಗುತ್ತೋ’ ಎನ್ನುವ ಹೆದರಿಕೆ ಇಲ್ಲದೆ ಮುಟ್ಟಿಸಿಕೊಳ್ಳುವುದು ಎಷ್ಟು ಹಗುರ ಅಂತ ನನಗೆ ಆಗಲೇ ಗೊತ್ತಾಗಿದ್ದು. ಎರಡು ವರ್ಷದಿಂದ ಗಂಡ ಪಕ್ಕಕ್ಕೆ ಹೊರಳಿದರೂ ನನ್ನ ಹೊಟ್ಟೆ ಬಿಗಿಯುತ್ತಿತ್ತು. ಎರಡು ವಾರದಲ್ಲಿ ಅದು ನಿಂತಿತು.

ಒಂದು ಎಚ್ಚರಿಕೆ. ಒಳಗೆ ಹೋಗದೇ ಇದ್ದರೂ ವೀರ್ಯ ಯೋನಿಯ ಬಾಗಿಲಲ್ಲಿ ಬಿದ್ದರೆ ಗರ್ಭ ನಿಲ್ಲುವ ಸಾಧ್ಯತೆ ಇದೆ. ಮಗು ಈಗ ಬೇಡ ಎನ್ನುವವರು ಇದನ್ನು ಮರೆಯಬಾರದು.

ಎರಡನೇ ಹೆಜ್ಜೆ: ನೋಡುವುದು, ಉಸಿರಾಡುವುದು

ಬಾಗಿಲು ಹಾಕಿಕೊಂಡು, ಒಂದು ಕೈಗನ್ನಡಿ ತೆಗೆದುಕೊಂಡು ನಿಮ್ಮದೇ ಮೈಯನ್ನು ನೋಡಿಕೊಳ್ಳಿ. ಮೂತ್ರದ ದಾರಿ ಎಲ್ಲಿ, ಯೋನಿಯ ಬಾಯಿ ಎಲ್ಲಿ, ಮಲದ್ವಾರ ಎಲ್ಲಿ. ಮೂವತ್ತು ವರ್ಷ ನನ್ನ ಜೊತೆಗೇ ಇದ್ದ ಜಾಗವನ್ನು ನಾನು ನೋಡಿಯೇ ಇರಲಿಲ್ಲ. ಮೊದಲ ದಿನ ಮುಖ ತಿರುಗಿಸಿದೆ. ನಾಲ್ಕನೇ ದಿನ ಅದು ಬರೀ ಮೈಯ ಒಂದು ಭಾಗ ಅನ್ನಿಸಿತು.

ಇನ್ನು ಉಸಿರು. ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ, ಇಡೀ ಚಿಕಿತ್ಸೆ ನಿಂತಿರುವುದು ಇದರ ಮೇಲೆ. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಮೂಗಿನಿಂದ ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಹೊಟ್ಟೆಯ ಮೇಲಿನ ಕೈ ಮಾತ್ರ ಏಳಬೇಕು. ಹೊಟ್ಟೆ ಉಬ್ಬಿದಾಗ ತಳದ ಸ್ನಾಯುಗಳು ಕೆಳಗಿಳಿದು ಸಡಿಲವಾಗುತ್ತವೆ. ಮೂತ್ರ ಬಿಡಲು ಶುರು ಮಾಡುವ ಕ್ಷಣದಲ್ಲಿ ಒಳಗೆ ಏನೋ ಸಡಿಲ ಬಿಟ್ಟ ಹಾಗಾಗುತ್ತದಲ್ಲ, ಅದೇ ಅನುಭವ. ಬಾಯಿಂದ ಉಸಿರು ಬಿಡುವಾಗ ದವಡೆ, ಭುಜ, ತೊಡೆ ಎಲ್ಲವನ್ನೂ ಸಡಿಲ ಬಿಡಿ. ದಿನಕ್ಕೆ ಎರಡು ಸಲ, ಐದೈದು ನಿಮಿಷ, ಒಂದೆರಡು ವಾರ.

ಇಂಟರ್ನೆಟ್ಟಿನಲ್ಲಿ ಎಲ್ಲರೂ ಕೆಗಲ್ ಮಾಡಿ, ಕೆಗಲ್ ಮಾಡಿ ಎನ್ನುತ್ತಾರೆ. ಕೆಗಲ್ ಎಂದರೆ ಬಿಗಿಯುವ ವ್ಯಾಯಾಮ. ನಮ್ಮ ಸ್ನಾಯುಗಳಿಗೆ ಬಿಗಿಯುವುದು ಬರುತ್ತದೆ, ಬಿಡುವುದು ಬರುವುದಿಲ್ಲ. ನಾನೂ ಯಾರನ್ನೂ ಕೇಳದೆ ಎರಡು ತಿಂಗಳು ಕೆಗಲ್ ಮಾಡಿ ಇನ್ನಷ್ಟು ಬಿಗಿ ಮಾಡಿಕೊಂಡಿದ್ದೆ. ಫಿಸಿಯೋ ಹೇಳಿದರೆ ಮಾತ್ರ ಮಾಡಿ, ಅದೂ ಬಿಗಿದು ಪೂರ್ತಿ ಬಿಡುವುದನ್ನು ಕಲಿಯಲು.

ಮೂರನೇ ಹೆಜ್ಜೆ: ಕಿರುಬೆರಳು

ಉಗುರು ಕತ್ತರಿಸಿ, ಕೈ ಸೋಪು ಹಾಕಿ ತೊಳೆಯಿರಿ. ಮನೆಯಲ್ಲಿ ಯಾರೂ ಕರೆಯದ ಹೊತ್ತು ಆರಿಸಿಕೊಳ್ಳಿ. ಕುಕ್ಕರ್ ಇಟ್ಟು ಬಂದು ಮಾಡುವ ಕೆಲಸ ಇದಲ್ಲ. ಬೆನ್ನಿಗೆ ದಿಂಬು ಕೊಟ್ಟು ಒರಗಿ, ಮಂಡಿಗಳ ಕೆಳಗೂ ಎರಡೂ ಕಡೆ ದಿಂಬು ಇಡಿ. ತೊಡೆಗೆ ಆಸರೆ ಸಿಕ್ಕರೆ ಅರ್ಧ ಬಿಗಿ ಅಲ್ಲೇ ಹೋಗುತ್ತದೆ.

ಮೆಡಿಕಲ್ ಶಾಪಿನಲ್ಲಿ ಸಿಗುವ ನೀರಿನಂಶದ ಲೂಬ್ರಿಕೆಂಟ್ ಜೆಲ್ಲಿ ಬೆರಳಿಗೂ ಬಾಗಿಲಿಗೂ ಧಾರಾಳವಾಗಿ ಹಚ್ಚಿ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಕೈಗೆ ಬರುತ್ತದೆ. ಆದರೆ ಎಣ್ಣೆ, ವ್ಯಾಸಲೀನ್ ತಾಗಿದರೆ ಲೇಟೆಕ್ಸ್ ಕಾಂಡೋಮ್ ಹರಿಯುತ್ತದೆ, ಕಾಂಡೋಮ್ ಬಳಸುವವರು ಮುಟ್ಟಬೇಡಿ. ಸ್ನಾನದ ಸೋಪು, ಡೆಟಾಲ್, ಸುವಾಸನೆಯ ವಾಶ್ ಯಾವುದನ್ನೂ ಒಳಗೆ ಹಾಕಬೇಡಿ.

ಮೊದಲ ಕೆಲವು ದಿನ ಬರೀ ಹೊರಗೆ ಬೆರಳಿಟ್ಟು ಉಸಿರಾಡಿ. ಅದು ಸಲೀಸಾದ ಮೇಲೆ, ಉಸಿರು ಒಳಗೆಳೆಯುವಾಗ, ಕಿರುಬೆರಳಿನ ತುದಿಯನ್ನು ಉಗುರು ಮುಳುಗುವಷ್ಟು ಮಾತ್ರ ಒಳಗೆ ಬಿಡಿ. ಬೆರಳು ನೆಟ್ಟಗೆ ಮೇಲಕ್ಕಲ್ಲ, ಬೆನ್ನಿನ ಕೆಳಭಾಗದ ಕಡೆಗೆ, ಬಾಲದೆಲುಬಿನ ದಿಕ್ಕಿಗೆ ಇರಲಿ. ಯೋನಿಯ ದಾರಿ ಓರೆಯಾಗಿದೆ. ನೆಟ್ಟಗೆ ಒತ್ತಿದರೆ ಎಲುಬಿಗೆ ತಾಗಿ ‘ಗೋಡೆ’ ಅನ್ನಿಸುತ್ತದೆ.

ಅಲ್ಲಿ ನಿಲ್ಲಿಸಿ, ಕಾಯಿರಿ. ನನಗೆ ಮೊದಲು ಬೆರಳ ಸುತ್ತ ರಬ್ಬರ್ ಬ್ಯಾಂಡ್ ಸುತ್ತಿದ ಹಾಗೆ ಬಿಗಿಯಿತು. ಹಣೆ ಬೆವರಿತು. ಬೆರಳನ್ನು ತೆಗೆಯಲಿಲ್ಲ, ಮುಂದಕ್ಕೂ ತಳ್ಳಲಿಲ್ಲ, ಸುಮ್ಮನೆ ಉಸಿರು ಎಣಿಸಿದೆ. ಐದೋ ಆರೋ ಉಸಿರಿಗೆ ಆ ಬ್ಯಾಂಡ್ ತಾನಾಗಿಯೇ ಸಡಿಲವಾಯಿತು. ಮೂರು ವರ್ಷದಲ್ಲಿ ಮೊದಲ ಸಲ ಆ ಸ್ನಾಯು ಬಿಡುವುದನ್ನು ನನ್ನ ಬೆರಳಿನಲ್ಲೇ ಮುಟ್ಟಿ ನೋಡಿದೆ. ಅವತ್ತು ಅಷ್ಟಕ್ಕೇ ನಿಲ್ಲಿಸಿ, ಎದ್ದು ಹೋಗಿ ಕಾಫಿ ಮಾಡಿಕೊಂಡು ಕುಡಿದೆ.

ಫಿಸಿಯೋ ಕೊಟ್ಟಿದ್ದ ಲೆಕ್ಕ ಹೀಗಿತ್ತು: ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಮೂರರೊಳಗೆ ಇದ್ದರೆ ಅಲ್ಲೇ ಇದ್ದು ಉಸಿರಾಡಿ. ಅದಕ್ಕಿಂತ ಜಾಸ್ತಿಯಾದರೆ ಒಂದು ಹೆಜ್ಜೆ ಹಿಂದಕ್ಕೆ. ಹಿಂದೆ ಬರುವುದು ಸೋಲು ಎಂದುಕೊಳ್ಳಬೇಡಿ. ‘ನೋವಾದರೆ ನಿಲ್ಲುತ್ತದೆ’ ಎನ್ನುವ ನಂಬಿಕೆ ಮೈಗೆ ಬರುವುದೇ ಹಾಗೆ.

ನಾಲ್ಕನೇ ಹೆಜ್ಜೆ: ಡೈಲೇಟರ್

ಡೈಲೇಟರ್ ಎಂದರೆ ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ನಯವಾದ ಕೊಳವೆಗಳ ಸೆಟ್. ಚಿಕ್ಕದು ಸುಮಾರು ಕಿರುಬೆರಳಿನ ದಪ್ಪ ಇರುತ್ತದೆ. ಸಿಲಿಕೋನಿನದ್ದು ಮೆತ್ತಗಿರುತ್ತದೆ. ಆನ್‌ಲೈನ್‌ನಲ್ಲಿ ಸಿಗುತ್ತದೆ. ಹೆಸರು ಕೇಳಿದರೆ ಎಳೆದು ಹಿಗ್ಗಿಸುವ ಸಾಧನ ಎನ್ನಿಸುತ್ತದೆ. ಅದು ಹಿಗ್ಗಿಸುವುದಕ್ಕಲ್ಲ. ಒಳಗೆ ಏನೋ ಇದ್ದರೂ ಅಪಾಯವಿಲ್ಲ ಎಂದು ಸ್ನಾಯುವಿಗೆ ಅಭ್ಯಾಸ ಮಾಡಿಸುವುದಕ್ಕೆ. ಹಿಡಿತ ಪೂರ್ತಿ ನಿಮ್ಮ ಕೈಯಲ್ಲಿ.

ವಾರಕ್ಕೆ ಮೂರರಿಂದ ಐದು ದಿನ, ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಜೆಲ್ಲಿ ಹಚ್ಚಿ, ಉಸಿರು ಎಳೆದುಕೊಳ್ಳುತ್ತಾ, ಬೆರಳಿನ ಹಾಗೆಯೇ ಓರೆಯಾಗಿ ಬಿಡಿ. ಬಾಗಿಲಲ್ಲಿ ಬಿಗಿಯಾದರೆ, ಗಾಳಿ ಬಿಡುವಾಗಿನಷ್ಟು ಹಗುರವಾಗಿ ಕೆಳಗೆ ಮುಕ್ಕಿದರೆ ದಾರಿ ತೆರೆದುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಐದು ನಿಮಿಷ ಸುಮ್ಮನೆ ಇಟ್ಟುಕೊಳ್ಳಿ. ನಾನು ಹಾಡು ಕೇಳುತ್ತಿದ್ದೆ. ಆಮೇಲೆ ನಿಧಾನವಾಗಿ ಹಿಂದೆ ಮುಂದೆ ಸರಿಸಿ. ಒಂದು ಸೈಜ್ ಮೂರು ಸಲ ಆರಾಮಾಗಿ ಹೋದರೆ ಮುಂದಿನದ್ದು. ಪ್ರತಿ ಸಲವೂ ಹಿಂದಿನ ಸೈಜಿನಿಂದಲೇ ಶುರು ಮಾಡಿ. ಸಿಲಿಕೋನ್ ಡೈಲೇಟರಿಗೆ ಸಿಲಿಕೋನ್ ಜೆಲ್ಲಿ ಹಚ್ಚಬೇಡಿ, ಕೆಡುತ್ತದೆ. ಮುಗಿದ ಮೇಲೆ ಬೆಚ್ಚಗಿನ ನೀರು, ಸಾದಾ ಸೋಪಿನಲ್ಲಿ ತೊಳೆದು ಒಣಗಿಸಿ. ಸೋಂಕಿದ್ದಾಗ ಮಾಡಬೇಡಿ. ಗರ್ಭಿಣಿಯರು, ಇತ್ತೀಚೆಗೆ ಹೆರಿಗೆ ಅಥವಾ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಮೇಣದ ಬತ್ತಿ, ತರಕಾರಿ, ಪೆನ್ನು ಹೀಗೆ ಕೈಗೆ ಸಿಕ್ಕಿದ್ದನ್ನು ಬಳಸುವುದು ಬೇಡವೇ ಬೇಡ.

ನನಗೆ ಎರಡನೆಯದರಿಂದ ಮೂರನೆಯದಕ್ಕೆ ಹೋಗಲು ಐದು ವಾರ ಬೇಕಾಯಿತು. ಮೂರರಿಂದ ನಾಲ್ಕಕ್ಕೆ ನಾಲ್ಕೇ ದಿನ. ಯಾರ ಜೊತೆಗೂ ಹೋಲಿಸಿಕೊಳ್ಳಬೇಡಿ. ಆರೆಂಟು ವಾರ ನಿಯಮವಾಗಿ ಮಾಡಿಯೂ ಒಂದೇ ಕಡೆ ನಿಂತುಬಿಟ್ಟಿದ್ದರೆ, ಡೈಲೇಟರ್ ನೋಡಿದರೇ ಎದೆ ಹೊಡೆದುಕೊಂಡರೆ, ಹಳೆಯ ಕೆಟ್ಟ ನೆನಪು ಕಣ್ಣ ಮುಂದೆ ಬಂದರೆ, ಒಬ್ಬರೇ ಮುಂದುವರಿಸಬೇಡಿ. ಜೊತೆಗೆ ತಜ್ಞರು ಬೇಕು.

ಐದನೇ ಹೆಜ್ಜೆ: ಇಬ್ಬರೂ ಸೇರಿ

ದೊಡ್ಡ ಸೈಜ್ ಸಲೀಸಾದ ಮೇಲೂ ನೇರವಾಗಿ ಸಂಭೋಗಕ್ಕೆ ಹಾರಬೇಡಿ. ಮೊದಲು ಗಂಡನ ಕೈ ನಿಮ್ಮ ಕೈಯ ಮೇಲೆ ಇರಲಿ, ನೀವು ಡೈಲೇಟರ್ ಹಿಡಿದಿರಿ. ಆಮೇಲೆ ಅವರು ಹಿಡಿಯಲಿ, ನೀವು ಅವರ ಮಣಿಕಟ್ಟು ಹಿಡಿದಿರಿ. ಮುಂದಿನದ್ದು ಅವರ ಬೆರಳು. ‘ಸಾಕು’ ಅಂದ ಕೂಡಲೇ ನಿಲ್ಲಬೇಕು, ಮುಖ ಸಪ್ಪೆ ಮಾಡಬಾರದು, ಇದು ಮೊದಲೇ ಆಗಬೇಕಾದ ಒಪ್ಪಂದ. ಕೊನೆಗೆ ಸಂಭೋಗಕ್ಕೆ ಬಂದಾಗ ನೀವು ಮೇಲಿರುವ ಭಂಗಿ ಸುಲಭ, ಎಷ್ಟು, ಯಾವಾಗ ಎಂಬುದು ನಿಮ್ಮ ಹಿಡಿತದಲ್ಲಿರುತ್ತದೆ. ಮೊದಲ ದಿನ ತುದಿಯಷ್ಟೇ, ಅಲುಗಾಟ ಇಲ್ಲ, ಉಸಿರಾಟ ಮಾತ್ರ.

ಗಂಡಂದಿರಿಗೆ ಒಂದು ಮಾತು. ಅವಳು ನಿಮ್ಮನ್ನು ಬೇಡ ಎನ್ನುತ್ತಿಲ್ಲ. ಬೇಡ ಎನ್ನುತ್ತಿರುವುದು ಅವಳ ಮಾತು ಕೇಳದ ಒಂದು ಸ್ನಾಯು. ಇಷ್ಟು ದಿನದ ಆತಂಕದಲ್ಲಿ ನಿಮಗೂ ನಿಮಿರುವಿಕೆಯ ತೊಂದರೆ ಬಂದಿರಬಹುದು, ಅದು ಸಾಮಾನ್ಯ, ನೀವೂ ಡಾಕ್ಟರಿಗೆ ತೋರಿಸಿ. ‘ಎಷ್ಟನೇ ಸೈಜ್ ಆಯ್ತು?’ ಎಂದು ದಿನಾ ಕೇಳಬೇಡಿ. ನನ್ನ ಗಂಡ ಒಂದು ದಿನವೂ ಕೇಳಲಿಲ್ಲ. ಸಂಜೆ ಏಳೂವರೆಗೆ ತಾವೇ ಚಪಾತಿ ಲಟ್ಟಿಸಲು ನಿಂತು ನನಗೆ ಆ ಅರ್ಧ ಗಂಟೆ ಬಿಡಿಸಿಕೊಡುತ್ತಿದ್ದರು.

ಗಂಡನೇ ಬಲವಂತ ಮಾಡುತ್ತಿದ್ದರೆ, ಹೊಡೆಯುತ್ತಿದ್ದರೆ, ಆ ಮನೆಯಲ್ಲಿ ಡೈಲೇಟರ್ ಕೆಲಸ ಮಾಡುವುದಿಲ್ಲ. ಮೊದಲು ನೀವು ಸುರಕ್ಷಿತವಾಗಿರಬೇಕು. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಯಾವ ತಜ್ಞರು, ಏನು ಮಾಡುತ್ತಾರೆ

ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಸ್ಟ್ ಸಿಕ್ಕರೆ ಅರ್ಧ ಗೆದ್ದ ಹಾಗೆ. ಇವರು ಸ್ನಾಯು ಸಡಿಲಿಸುವುದನ್ನು ಕೈಹಿಡಿದು ಕಲಿಸುತ್ತಾರೆ. ಬೆಂಗಳೂರಿನಲ್ಲಿ ಹುಡುಕಿದರೆ ಸಿಗುತ್ತಾರೆ. ಸಣ್ಣ ಊರುಗಳಲ್ಲಿ ಕಷ್ಟ, ಆದರೆ ವಿಡಿಯೋ ಕರೆಯಲ್ಲಿ ಕಲಿಸುವವರಿದ್ದಾರೆ. ನನ್ನ ಅರ್ಧ ಸೆಷನ್ ನಡೆದಿದ್ದು ಹಾಗೆಯೇ. ಭಯ ಜಾಸ್ತಿ ಇರುವವರಿಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಸೆಕ್ಸ್ ಥೆರಪಿಸ್ಟ್ ಬೇಕಾಗುತ್ತದೆ. ಯಾರ ಹತ್ತಿರ ಹೋಗಬೇಕು ಎಂದು ತಿಳಿಯದಿದ್ದರೆ ಮೇಲೆ ಹೇಳಿದ 14416ರಲ್ಲೂ ಕೇಳಬಹುದು. ಇಂಗ್ಲೆಂಡಿನಲ್ಲಿರುವ ಕನ್ನಡದ ಹೆಣ್ಣುಮಕ್ಕಳು ತಮ್ಮ ಜಿಪಿಗೆ, ಅಂದರೆ ಅಲ್ಲಿನ ಫ್ಯಾಮಿಲಿ ಡಾಕ್ಟರಿಗೆ, ಅಥವಾ ಸೆಕ್ಷುಯಲ್ ಹೆಲ್ತ್ ಕ್ಲಿನಿಕ್ಕಿಗೆ ಹೇಳಿದರೆ ಅಲ್ಲಿಂದ ದಾರಿ ತೋರಿಸುತ್ತಾರೆ.

ಬೊಟಾಕ್ಸ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅರಿವಳಿಕೆ ಕೊಟ್ಟು ಆ ಸ್ನಾಯುವಿಗೆ ಇಂಜೆಕ್ಷನ್ ಕೊಡುತ್ತಾರೆ, ಕೆಲವು ತಿಂಗಳು ಬಿಗಿ ಕಡಿಮೆಯಿರುತ್ತದೆ. ಆ ಸಮಯದಲ್ಲಿ ಡೈಲೇಟರ್ ಅಭ್ಯಾಸ ಮಾಡಲೇಬೇಕು. ಬೇರೆ ಎಲ್ಲ ಮಾಡಿಯೂ ಆಗದವರಿಗೆ ಇದು ದಾರಿ, ಮೊದಲ ದಿನವೇ ಕೇಳುವಂಥದ್ದಲ್ಲ. ಮರಗಟ್ಟಿಸುವ ಮುಲಾಮು ನೀವೇ ತಂದು ಹಚ್ಚಬೇಡಿ. ನೋವು ಗೊತ್ತಾಗದೆ ಗಾಯವಾಗಬಹುದು. ಬಸ್ ಸ್ಟ್ಯಾಂಡಿನ ಪಕ್ಕದ ಲಾಡ್ಜಿಗೆ ತಿಂಗಳಿಗೊಮ್ಮೆ ಬರುವ ‘ಗುಪ್ತರೋಗ ತಜ್ಞ’ರ ಹತ್ತಿರ ದುಡ್ಡನ್ನೂ ಮೈಯನ್ನೂ ಹಾಳು ಮಾಡಿಕೊಳ್ಳಬೇಡಿ.

ಮಗು ಬೇಕು ಅನ್ನುವವರಿಗೆ

ಎಷ್ಟೋ ದಂಪತಿ ಬಂಜೆತನ ಎಂದು ಆಸ್ಪತ್ರೆ ಸುತ್ತುತ್ತಿರುತ್ತಾರೆ. ಸಂಭೋಗವೇ ಆಗಿಲ್ಲ ಎಂದು ನಾಚಿಕೆಯಿಂದ ಹೇಳಿರುವುದಿಲ್ಲ, ಅಲ್ಲಿ ಕೇಳಿಯೂ ಇರುವುದಿಲ್ಲ. ಟೆಸ್ಟ್ ಮೇಲೆ ಟೆಸ್ಟ್, ಕೊನೆಗೆ ಐವಿಎಫ್. ದಯವಿಟ್ಟು ಮೊದಲ ದಿನವೇ ಹೇಳಿಬಿಡಿ. ವೆಜಿನಿಸ್ಮಸ್ ಇದ್ದ ಮಾತ್ರಕ್ಕೆ ಗರ್ಭ ಧರಿಸುವ ಶಕ್ತಿಗೆ ಏನೂ ಆಗಿರುವುದಿಲ್ಲ. ವಯಸ್ಸು ಹೆಚ್ಚಾಗಿ ಕಾಯಲು ಆಗುವುದಿಲ್ಲ ಎನ್ನುವವರು, ಸೂಜಿಯಿಲ್ಲದ ಸಿರಿಂಜಿನಿಂದ ಮನೆಯಲ್ಲೇ ವೀರ್ಯ ಸೇರಿಸುವ ಸರಳ ದಾರಿಯ ಬಗ್ಗೆ ಡಾಕ್ಟರನ್ನು ಕೇಳಿ, ಅವರು ತೋರಿಸಿಕೊಟ್ಟ ಮೇಲೆ ಮಾಡಿ. ಅದರ ಜೊತೆಗೆ ಚಿಕಿತ್ಸೆಯೂ ನಡೆಯಲಿ. ‘ಮಗುವಾದರೆ ತಾನಾಗಿಯೇ ಸರಿಹೋಗುತ್ತೆ’ ಎಂದು ಬಿಡಬೇಡಿ, ಹಾಗೆ ಆಗುತ್ತದೆ ಎನ್ನುವ ಭರವಸೆ ಇಲ್ಲ.

ವೆಜಿನಿಸ್ಮಸ್ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಆಗಬೇಕಿಲ್ಲ, ನಾರ್ಮಲ್ ಹೆರಿಗೆ ಆಗಬಹುದು. ಹೆರಿಗೆಗಿಂತ ಕಷ್ಟ ಎನ್ನಿಸುವುದು ನಡುನಡುವೆ ಮಾಡುವ ಒಳಪರೀಕ್ಷೆ. ಲೇಬರ್ ವಾರ್ಡಿನಲ್ಲಿ ಡ್ಯೂಟಿ ಬದಲಾಗುತ್ತಿರುತ್ತದೆ, ಪ್ರತಿಯೊಬ್ಬರಿಗೂ ನೋವಿನ ನಡುವೆ ಬಿಡಿಸಿ ಹೇಳಲು ಆಗುವುದಿಲ್ಲ. ನಾನು ಡಾಕ್ಟರಿಗೆ ಕೊಟ್ಟಿದ್ದ ಚೀಟಿಯನ್ನೇ ಮತ್ತೆ ಬರೆದೆ, ಮೂರೇ ಸಾಲು: ವೆಜಿನಿಸ್ಮಸ್ ಇತ್ತು. ಪರೀಕ್ಷೆ ಬೇಕಾದಷ್ಟೇ ಮಾಡಿ, ಹೇಳಿ ಮಾಡಿ. ನಿಲ್ಲಿಸಿ ಅಂದರೆ ನಿಲ್ಲಿಸಿ. ಅದನ್ನು ತಾಯಿ ಕಾರ್ಡಿನ ಮೊದಲ ಪುಟಕ್ಕೆ ಸ್ಟೇಪಲ್ ಮಾಡಿಕೊಂಡು ಹೋದೆ. ರಾತ್ರಿ ಎರಡು ಗಂಟೆಗೆ ಬಂದ ನರ್ಸ್ ಕಾರ್ಡ್ ತೆರೆದು ಓದಿ, ಗ್ಲೌಸ್ ಹಾಕುವ ಮೊದಲು ನನ್ನ ಮಂಚದ ಪಕ್ಕ ಕೂತು, "ನೀವು ಉಸಿರು ಎಳ್ಕೊಳ್ಳಿ. ನೀವು ಹೂಂ ಅಂದ ಮೇಲೇ ನಾನು ಮುಟ್ಟೋದು" ಅಂದರು.